ಮದರಂಗಿ ತಿನ್ನುವ ಮುಲಾಮು

ಘೋರ್ ಸಾಫಿ,
ಶುಕ್ರವಾರ, 14 ಮಾರ್ಚ್

ಪ್ರೀತಿಯ ನುಹಾ ಚಿಕ್ಕಮ್ಮ,

ಮೊದಲು ಬೈದುಬಿಡಿ, ಆಮೇಲೆ ಓದಿ. ಮದುವೆಯಾಗಿ ಆರು ತಿಂಗಳಾಯಿತು, ನಿಮಗೆ ಒಂದು ಸಾಲೂ ಬರೆದಿಲ್ಲ. ಫೋನಿನಲ್ಲಿ ಮಾತಾಡಿದ್ದೇವಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು, ಆದರೆ ಫೋನಿನಲ್ಲಿ ನಾನು ಅರ್ಧ ಮಾತು ನುಂಗುತ್ತೇನೆ ಎಂಬುದು ನಿಮಗೆ ಗೊತ್ತೇ ಇದೆ. ನಾವು ಸುಖವಾಗಿದ್ದೇವೆ. ನನ್ನ ಗಂಡ (ಈ ಪದ ಬರೆಯುವಾಗ ಇನ್ನೂ ನಗು ಬರುತ್ತದೆ!) ಮುತಾಸಿಮ್ ದಿನಾ ಬೆಳಿಗ್ಗೆ ಚಹಾ ಮಾಡಿಕೊಡುತ್ತಾನೆ, ಸಕ್ಕರೆಯನ್ನು ವಿಷದಂತೆ ಅಳೆದು ಹಾಕುತ್ತಾನೆ. ಅಮ್ಮಾನ್‌ನ ಚಳಿ ನನಗೆ ಮರೆತೇಹೋಗಿದೆ. ಇಲ್ಲಿ ಜನವರಿಯಲ್ಲೂ ಟೊಮೆಟೊ ಹಣ್ಣಾಗುತ್ತದೆ.

ದೊಡ್ಡ ಸುದ್ದಿಯೆಂದರೆ, ಮುತಾಸಿಮ್‌ನ ಮುಲಾಮು ಗೆದ್ದಿತು! ಅದರಲ್ಲಿ ನಿಮ್ಮ ಕೈವಾಡವೂ ಇದೆ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಮರಳುನೊಣ ಕಚ್ಚಿ ಏಳುವ ಹುಣ್ಣನ್ನು ಇಲ್ಲಿಯವರು 'ವರ್ಷದ ಹುಣ್ಣು' ಎನ್ನುತ್ತಾರೆ. ಬಿಟ್ಟರೂ ವರ್ಷಕ್ಕೆ ಒಣಗುತ್ತದೆ, ಆದರೆ ಮುಖದ ಮೇಲೆ ಗುಂಡಿ ಉಳಿಸಿ ಹೋಗುತ್ತದೆ. ಅದಕ್ಕೊಂದು ಮದ್ದು ಹುಡುಕುತ್ತಾ ಮುತಾಸಿಮ್ ಐದು ವರ್ಷ ಪ್ರಯೋಗಾಲಯದಲ್ಲಿ ಕಳೆದ. ನೂರಾ ಹದಿನಾರು ರಸಾಯನಗಳು ಸೋತವು. ಕೆಲವು ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ಕೊಂದವು, ಆಮೇಲೆ ಇಲಿಯ ಚರ್ಮವನ್ನೂ ಸುಟ್ಟವು. ನೂರಾ ಹದಿನೇಳನೆಯದು ಇಲಿಗಳನ್ನು ವಾಸಿ ಮಾಡಿತು. ಮನುಷ್ಯರ ಸರದಿ ಬಂದಾಗ ಈ ಊರನ್ನು ಆರಿಸಿದರು. ಅರ್ಧ ಜನಕ್ಕೆ ಮುಲಾಮು, ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ವಾಸನೆಯ, ಮದ್ದಿಲ್ಲದ ಬೆಣ್ಣೆಯಂಥದ್ದು. ಯಾರಿಗೆ ಯಾವುದು ಎಂದು ಕೊಡುವವರಿಗೂ ತಿಳಿಯಬಾರದು. ಪಟ್ಟಿ ಅಮ್ಮಾನ್‌ನಲ್ಲಿ ಬೀಗದೊಳಗಿರುತ್ತದೆ. ನಮ್ಮ ಮದುವೆಗೆ ಒಂದು ವಾರ ಇದ್ದಾಗ ಫಲಿತಾಂಶ ಬಂತು. ಎರಡೂ ಗುಂಪಿನವರು ಒಂದೇ ಸಮನೆ, ಅರೆಬರೆ ವಾಸಿಯಾಗಿದ್ದರು. ಅಂದರೆ ಮುಲಾಮು ಬೆಣ್ಣೆಗಿಂತ ಮೇಲಲ್ಲ. ಫೋಟೋಗಳಲ್ಲಿ ಅವನ ಮುಖ ಹಾಗಿದ್ದದ್ದು ಅದಕ್ಕೇ, ನನ್ನನ್ನು ಕಟ್ಟಿಕೊಂಡಿದ್ದಕ್ಕಲ್ಲ!

ಮದುವೆಯ ಎಂಟನೆಯ ದಿನ ನಾನು ಇಲ್ಲಿನ ಚಿಕಿತ್ಸಾಲಯದಲ್ಲಿ ಔಷಧ ಕೊಡುವ ಕೆಲಸಕ್ಕೆ ಸೇರಿದೆ. ಕೈಯಲ್ಲಿ ನೀವು ಹಾಕಿದ ಮದರಂಗಿ ಇನ್ನೂ ಕಡುಗೆಂಪಾಗಿತ್ತು. ಉಳಿದ ಟ್ಯೂಬುಗಳನ್ನು ವಾಪಸು ಪಡೆಯುವಾಗ ಒಂದರ ಮುಚ್ಚಳ ಸಡಿಲವಾಗಿ ಮುಲಾಮು ಹೆಬ್ಬೆರಳಿಗೆ ಮೆತ್ತಿಕೊಂಡಿತು. ಮಧ್ಯಾಹ್ನ ನೋಡಿದರೆ ಅಲ್ಲಿನ ಹೂವೇ ಮಾಯ! ಎದುರಿಗೆ ಉಮ್ ಸಖರ್ ಕೂತಿದ್ದಳು. ಟೊಮೆಟೊ ತೋಟದಲ್ಲಿ ದುಡಿಯುವವಳು, ನಾಲಿಗೆ ಮೆಣಸಿನಕಾಯಿ.

"ಏನಮ್ಮಾ ಮದುಮಗಳೇ, ಹೂವು ಉದುರಿತಾ? ಇಂಗ್ಲಿಷ್ ಶಾಲೇಲಿ ಇದನ್ನ ಕಲಿಸ್ಲಿಲ್ವಾ? ಮದರಂಗಿ ತಿಂದ್ರೆ ಔಷಧಿ. ತಿನ್ನದಿದ್ರೆ ಬರೀ ಬೆಣ್ಣೆ, ರೊಟ್ಟಿಗೆ ಹಚ್ಕೋ."

ಊರಿನ ಹೆಂಗಸರು ಮೊದಲ ವಾರವೇ ಇದನ್ನು ಕಂಡುಹಿಡಿದಿದ್ದರಂತೆ. ಮದರಂಗಿಯ ಉಗುರಿಗೆ ಹಚ್ಚಿ ಪರೀಕ್ಷಿಸುವುದು, ನಿಜದ್ದು ಸಿಕ್ಕವರು ಸಿಗದವರಿಗೆ ಅರ್ಧ ಹಿಂಡಿಕೊಡುವುದು.

"ಹಂಚಿದ್ದು ಯಾಕೆ?" ಎಂದು ಕೇಳಿದೆ.

"ಇದೂ ಒಂದು ಪ್ರಶ್ನೆಯಾ ಹುಡುಗಿ! ನನ್ನ ಮಗಂದು ಮುಖ, ಪಕ್ಕದ ಮನೆಯೋಳ ಮಗಂದೇನು ಚಪ್ಪಲಿನಾ?"

ಸಂಜೆ ಹೇಳಿದಾಗ ಮುತಾಸಿಮ್ ಹೆಚ್ಚುತ್ತಿದ್ದ ಈರುಳ್ಳಿ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. "ಅರ್ಧರ್ಧ ಹಚ್ಚಿದ್ದಕ್ಕೇ ಅರೆಬರೆ ವಾಸಿ! ಸೋತಿದ್ದು ಮುಲಾಮಲ್ಲ ಲುಜೈನ್!" ಅತ್ತನೋ ನಕ್ಕನೋ, ತಪ್ಪನ್ನು ಈರುಳ್ಳಿಯ ಮೇಲೆ ಹಾಕಿದ.

ನಮ್ಮ ಮುಖ್ಯಸ್ಥೆ ಡಾಕ್ಟರ್ ಇಬ್ತಿಸಾಮ್ ಮಾತ್ರ ನಗಲಿಲ್ಲ. "ಎಲ್ಲಾ ಹೊಸದಾಗಿ ಶುರು ಮಾಡ್ಬೇಕು. ಈ ಸಲ ಬೆಣ್ಣೆನೂ ಮದರಂಗಿ ತಿನ್ಬೇಕು. ನಿನ್ನ ಕೈ ಇದೆಯಲ್ಲಮ್ಮಾ, ಮಾಡು" ಎಂದರು. ಬಣ್ಣ ಕಳೆಯುವ, ಚರ್ಮಕ್ಕೆ ತೊಂದರೆಯಿಲ್ಲದ, ಹುಣ್ಣಿಗೆ ಉಪಯೋಗವೂ ಇಲ್ಲದ ವಸ್ತುವನ್ನು ಬೆಣ್ಣೆಗೆ ಬೆರೆಸಿ, ಬೆರಳಿಗೊಂದು ಅಳತೆಯಂತೆ ನೀವು ಹಾಕಿದ ಮದರಂಗಿಯ ಮೇಲೆ ಹಚ್ಚುತ್ತಾ ಹೋದೆ. ಏಳನೆಯ ಬೆರಳಿಗೆ ಸರಿಹೋಯಿತು. ಅಂಗೈಯ ಬಳ್ಳಿಯೊಳಗೆ ನೀವು ಅಡಗಿಸಿದ್ದ ಅವನ ಹೆಸರನ್ನು ಮುಟ್ಟಲಿಲ್ಲ, ಆಣೆಯಾಗಿ!

ಡಿಸೆಂಬರಿನಲ್ಲಿ ಹೊಸ ಹುಣ್ಣಿನ ಎಂಬತ್ತು ಜನ ಸೇರಿದರು. ಅವರಲ್ಲಿ ಉಮ್ ಸಖರ್‌ಳ ಎಂಟು ವರ್ಷದ ಮಗಳು ಜವಾಹಿರ್ ಒಬ್ಬಳು. ಕಣ್ಣಿನ ಕೆಳಗೆ ಬೇಳೆಯಷ್ಟು ಹುಣ್ಣು. ಈ ಸಲವೂ ಎರಡು ಬಗೆ ಇದೆ ಎಂದು ಡಾಕ್ಟರ್ ಎಲ್ಲರಿಗೂ ಓದಿ ಹೇಳಿದರು. ಎಲ್ಲರೂ ಒಪ್ಪಿ ಸಹಿ ಹಾಕಿದರು. ಮೂರನೆಯ ದಿನ ಉಮ್ ಸಖರ್ ಒಂದು ಬುಟ್ಟಿ ಟೊಮೆಟೊ ತಂದಿಟ್ಟಳು.

"ಈ ಸಲ ಎಲ್ಲರದ್ದೂ ತಿಂತಿದೆ! ನಿಮ್ಮ ಡಾಕ್ಟ್ರಮ್ಮ ಬಾಯಲ್ಲಿ ಎರಡು ಬಗೆ ಅಂದ್ರೂ ಮನಸ್ಸು ದೊಡ್ಡದು."

ಯಾರೂ ಹಂಚಿಕೊಳ್ಳಲಿಲ್ಲ. ಮೊನ್ನೆ ಬುಧವಾರ ಪಟ್ಟಿ ತೆರೆದರು. ಮುಲಾಮು ಹಚ್ಚಿದ ನಲವತ್ತರಲ್ಲಿ ಮೂವತ್ತಮೂರು ಜನ ವಾಸಿ; ಬೆಣ್ಣೆ ಹಚ್ಚಿದ ನಲವತ್ತರಲ್ಲಿ ಒಂಬತ್ತು. ನಿಮ್ಮ ಅಳಿಯ ಪೊರಕೆ ಹಿಡಿದು ಕುಣಿದ. ಇನ್ನು ಬೇರೆ ದೇಶಗಳಲ್ಲಿ ದೊಡ್ಡ ಪರೀಕ್ಷೆ ನಡೆಯಬೇಕು, ಅಂಗಡಿಗೆ ಬರಲು ಆರೇಳು ವರ್ಷ ಹಿಡಿಯುತ್ತದಂತೆ. ಬೆಣ್ಣೆ ಸಿಕ್ಕಿದ್ದವರಿಗೆಲ್ಲ ನಿನ್ನೆಯಿಂದ ನಿಜವಾದ ಮುಲಾಮು ಕೊಡುತ್ತಿದ್ದೇವೆ.

ಮಂಡಿ ನೋವಿಗೆ ಆಲಿವ್ ಎಣ್ಣೆ ಮರೆಯಬೇಡಿ. ಆ ಹೂವು ಬರೆದ ನಿಮ್ಮ ಕೈಗಳನ್ನು ದೇವರು ಚೆನ್ನಾಗಿಟ್ಟಿರಲಿ. ನಮ್ಮಿಬ್ಬರಿಗಾಗಿ ಪ್ರಾರ್ಥಿಸಿ.

ನಿಮ್ಮ ಮುದ್ದಿನ,
ಲುಜೈನ್

ಮತ್ತೆ: ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ. ಬೆಣ್ಣೆಯಲ್ಲೇ ವಾಸಿಯಾದ ಆ ಒಂಬತ್ತು ಜನರಲ್ಲಿ ಜವಾಹಿರ್ ಇಲ್ಲ. ಜನವರಿಯಲ್ಲಿ ಅವಳ ಹುಣ್ಣು ಬಾದಾಮಿಯಷ್ಟಾಗಿತ್ತು. ಬಣ್ಣ ಹೋದ ಉಗುರು ತೋರಿಸಿ, "ನೋಡಕ್ಕಾ, ತಿಂದಿದೆ. ನಂದು ನಿಜದ್ದೇ ಅಲ್ವಾ?" ಎಂದು ಕೇಳಿದ್ದಳು. ಪಟ್ಟಿ ನನಗೆ ಗೊತ್ತಿರಲಿಲ್ಲ, ಆದರೆ ಹುಣ್ಣು ಕಾಣುತ್ತಿತ್ತು. "ತಿಂದಿದೆಯಲ್ಲ, ಜಾಣೆ" ಎಂದೆ. ಈಗ ಕೆಳಗಿನ ರೆಪ್ಪೆ ಸ್ವಲ್ಪ ಎಳೆದುಕೊಂಡಿದೆ. ಹುಣ್ಣು ಇನ್ನು ಒಣಗುತ್ತದೆ, ಗುಂಡಿ ಹೋಗುವುದಿಲ್ಲ. ನಿನ್ನೆ ಹೊಸ ಟ್ಯೂಬು ಕೊಡುವಾಗ ಉಮ್ ಸಖರ್‌ಗೆ ಎಲ್ಲವನ್ನೂ ಹೇಳಿದೆ, ಆ ಬೆಣ್ಣೆ ಮಾಡಿದವಳು ನಾನೇ ಎಂಬುದನ್ನೂ. ಅವಳು ಬೈಯಲಿಲ್ಲ ಚಿಕ್ಕಮ್ಮ. "ಪಕ್ಕದ ಮನೆಯೋಳು ಅರ್ಧ ಕೊಡೋಕೆ ಬಂದಿದ್ಲು. ನಮ್ಮದೂ ತಿಂತಿದೆ, ನಿನ್ನ ಮಗನಿಗೇ ಇರ್ಲಿ ಅಂತ ವಾಪಸು ಕಳಿಸ್ದೆ" ಎಂದಳು.