ಹೊಲಕ್ಕೆ ಬುತ್ತಿ ನಿಲ್ಲಿಸಿದ ವರ್ಷಗಳು

ಕ್ರಿಸ್ತಶಕ ೨೨೬೧, ಬುತ್ತಿ ತಿಂಗಳ ಮೂವತ್ತೇಳನೆಯ ದಿನ

ನಮ್ಮ ನಂತರ ಈ ಹೊಲ ಉಳುವವರಿಗೆ,

ತಾರೀಖು ವಿಚಿತ್ರವಾಗಿ ಕಂಡರೆ ಮನ್ನಿಸಿ. ನಮ್ಮಲ್ಲಿ ಕೆಲಸ ಮುಗಿಯದೆ ತಿಂಗಳು ಮುಗಿಯುವುದಿಲ್ಲ. ಮಾತುಗಳೂ ನಿಮಗೆ ಹೊಸದಾಗಿರಬಹುದು. ಬುತ್ತಿ ಎಂದರೆ ಸುಣ್ಣ, ಇದ್ದಿಲ ಪುಡಿ, ಮೂಳೆ ಹಿಟ್ಟು ಕಲಸಿ ಬಿತ್ತನೆಗೆ ಮುಂಚೆ ಹೊಲಕ್ಕೆ ಹಾಕುವ ಮಿಶ್ರಣ. ನಮ್ಮ ಹಿರಿಯರ ಕಾಲದಲ್ಲಿ ಹಳೆ ಬ್ಯಾಟರಿ ಕರಗಿಸುವ ಕಾರ್ಖಾನೆಯೊಂದು ಇಲ್ಲಿ ಸೀಸ ಚೆಲ್ಲಿ ಹೋಯಿತು. ಅದನ್ನು ಮಣ್ಣಿನಿಂದ ತೆಗೆಯಲು ಯಾರಿಂದಲೂ ಆಗಲಿಲ್ಲ. ಬುತ್ತಿ ಅದನ್ನು ಇದ್ದಲ್ಲೇ ಕಟ್ಟಿಹಾಕುತ್ತದೆ, ಬೇರಿಗೆ ಏರಗೊಡುವುದಿಲ್ಲ.

ಈ ತಿಂಗಳಿಡೀ ಊರಿನಲ್ಲಿ ಯಾರ ಮುಖವೂ ಬೆಳ್ಳಗಿರುವುದಿಲ್ಲ. ಮನೆಮನೆಯಲ್ಲೂ ಹೊಟ್ಟು ಸುಟ್ಟು ಇದ್ದಿಲು ಮಾಡುತ್ತಾರೆ, ವರ್ಷವೆಲ್ಲ ಕೂಡಿಟ್ಟ ಮೂಳೆ ಕುಟ್ಟುತ್ತಾರೆ. ಸುಣ್ಣಕ್ಕೆ ಅಂಗೈ ಬಿರಿಯುತ್ತದೆ, ಹರಳೆಣ್ಣೆ ಹಚ್ಚಿದರೂ ಉರಿ ಇಳಿಯುವುದಿಲ್ಲ. ಕೊಯ್ದ ಸೊಪ್ಪನ್ನು ಎಲೆಗನ್ನಡಿಯಲ್ಲಿ ಹಿಡಿದು ನೋಡದೆ ಒಲೆಗೆ ಏರಿಸುವುದಿಲ್ಲ. ಎಲೆಯಲ್ಲಿ ಸೀಸವಿದ್ದರೆ ಆ ಗಾಜು ಕಂದುತ್ತದೆ.

ಆ ಕನ್ನಡಿ ಹಿಡಿಯುವ ಕೆಲಸ ಒಂದು ಕಾಲಕ್ಕೆ ನನ್ನದಾಗಿತ್ತು. ನಾನು ದೇವೀರಮ್ಮ, ಈಗ ಎಪ್ಪತ್ತೆಂಟು. ನನ್ನ ಮೂವತ್ತನೆಯ ವಯಸ್ಸಿನಲ್ಲಿ, ನಲವತ್ತು ವರ್ಷದಿಂದ ಗಾಜು ಒಮ್ಮೆಯೂ ಕಂದಿಲ್ಲ, ಹೊಲ ವಾಸಿಯಾಗಿದೆ ಎಂದು ಊರ ಸಭೆಯಲ್ಲಿ ಹೇಳಿದವಳು ನಾನೇ. ಅಂಗೈ ಬಿರಿದು ಬೇಸತ್ತಿದ್ದ ಜನ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಉಳಿದ ಸುಣ್ಣದಲ್ಲಿ ಮನೆಗಳಿಗೆ ಬಳಿದೆವು. ಎಲೆಗನ್ನಡಿಯನ್ನು ಪೆಟ್ಟಿಗೆಯೊಳಗಿಟ್ಟೆ.

ಒಂಬತ್ತು ವರ್ಷ ಬುತ್ತಿ ಹಾಕಲಿಲ್ಲ. ಮಣ್ಣು ಮೆಲ್ಲಗೆ ಹುಳಿಯಾಗಿ ಹಿಡಿದಿಟ್ಟ ಸೀಸವನ್ನು ಬಿಟ್ಟುಕೊಟ್ಟಿತು. ಆ ನಡುವೆ ಹುಟ್ಟಿದ ನನ್ನ ಮಗ ಕರಿಗಿರಿಗೆ ದಂಟಿನ ಸೊಪ್ಪೆಂದರೆ ಪ್ರಾಣ. “ಅವ್ವಾ, ಇನ್ನೊಂಚೂರು ಹಾಕವ್ವ” ಅನ್ನುತ್ತಿದ್ದ, ನಾನು ಹಾಕುತ್ತಿದ್ದೆ. ನಾಲ್ಕು ವರ್ಷಕ್ಕೆ ಅರಳು ಹುರಿದಂತೆ ಮಾತಾಡುತ್ತಿದ್ದವನು ಆರಕ್ಕೆ ಬರುವಷ್ಟರಲ್ಲಿ ಒಂದೊಂದೇ ಮಾತು ಮರೆತ. ಆಮೇಲೆ ಪೆಟ್ಟಿಗೆ ತೆರೆದು ದಂಟಿನ ಎಲೆಯೊಂದನ್ನು ಕನ್ನಡಿಯಲ್ಲಿ ಹಿಡಿದು ನೋಡಿದೆ. ಗಾಜು ಕಪ್ಪಾಯಿತು. ಅವನಿಗೀಗ ನಲವತ್ತೈದು. ಪ್ರತಿವರ್ಷ ಎಲ್ಲರಿಗಿಂತ ಮೊದಲು ಬುತ್ತಿಯ ಬುಟ್ಟಿ ಹೊರುತ್ತಾನೆ. ಬುತ್ತಿ ಮತ್ತೆ ಏಕೆ ಶುರುವಾಯಿತೆಂದು ಅವನಿಗೆ ನಾನು ಹೇಳಿಲ್ಲ.

ನಿನ್ನೆ ಸಭೆಯಲ್ಲಿ ಈಗ ಕನ್ನಡಿ ಹಿಡಿಯುವ ಸಿರಿಗೌರಿ ಎದ್ದು, ಹೊಲ ವಾಸಿಯಾಗಿದೆ, ಬುತ್ತಿ ಸಾಕು ಎಂದಳು. ಜಾಣೆ, ನನ್ನ ಹಾಗೆಯೇ. ನನ್ನ ಕಡೆ ತಿರುಗಿ, “ಅಜ್ಜಿ, ನಿಮ್ ಕಾಲ್ದಲ್ಲೂ ನಿಲ್ಸಿದ್ರಂತಲ್ಲ, ಮತ್ತ್ಯಾಕೆ ಶುರು ಮಾಡುದ್ರಿ?” ಎಂದು ಕೇಳಿದಳು. ಕರಿಗಿರಿ ನನ್ನ ಪಕ್ಕದಲ್ಲೇ ಕೂತಿದ್ದ. “ಆಗ ಮಳೆ ಸರಿ ಇರ್ಲಿಲ್ಲ ಕಣವ್ವ” ಎಂದುಬಿಟ್ಟೆ. ಬುತ್ತಿ ನಿಲ್ಲಿಸಲು ಎಲ್ಲರೂ ಕೈ ಎತ್ತಿದರು. ನಾನೆಂಥ ಹೇಡಿ!

ನೀವು ಯಾರೇ ಆಗಿರಿ, ಹೊಲ ವಾಸಿಯಾಯಿತೆಂದು ಯಾರು ಹೇಳಿದರೂ ನಂಬಬೇಡಿ. ಬೆಳೆ ಚೊಕ್ಕಟವಾಗಿದ್ದರೆ ಅದು ಹಿಂದಿನ ವರ್ಷದವರ ದುಡಿಮೆ. ಈ ವರ್ಷದ್ದನ್ನು ನೀವು ಹಾಕಿ.

ಸಭೆ ನಾಳೆ ಇನ್ನೊಮ್ಮೆ ಸೇರುತ್ತದೆ. ಈ ಕಾಗದವನ್ನು ಅಲ್ಲಿ ಗಟ್ಟಿಯಾಗಿ ಓದುತ್ತೇನೆ. ಕರಿಗಿರಿಯೂ ಇರುತ್ತಾನೆ. ಅವನಿಗೆ ಅರ್ಥವಾಗುವುದಿಲ್ಲ ಬಿಡು ಎಂದು ನನ್ನ ತಂಗಿ ಸಮಾಧಾನ ಹೇಳುತ್ತಾಳೆ. ಅರ್ಥವಾಗಿಬಿಟ್ಟರೆ ಎಂಬುದೇ ನನ್ನ ಭಯ.

ದೇವೀರಮ್ಮ