ಎದ್ದು ನಿಂತದ್ದು

ಗುರುವಾರ, ರಾತ್ರಿ.

ಮಧ್ಯಾಹ್ನ ಕಣ್ಣು ಹತ್ತಿದರೂ ಕೆಟ್ಟ ಕನಸು. ಕೂರಲು ಹೋದರೆ ಕುರ್ಚಿಯೇ ಇಲ್ಲ, ಇಡೀ ಸಭೆ ನನ್ನನ್ನೇ ನೋಡುತ್ತಿದೆ.

ಬೆಳಿಗ್ಗೆ ಆದದ್ದೂ ಅದೇ. ನಮ್ಮ ಬಡಾವಣೆಯ ಪಾರ್ಕು ತೆಗೆದು ಕಾರು ನಿಲ್ಲಿಸುವ ಜಾಗ ಮಾಡುವ ಬಗ್ಗೆ ಪಾಲಿಕೆಯಲ್ಲಿ ಸಾರ್ವಜನಿಕ ವಿಚಾರಣೆ. "ಒಪ್ಪಿಗೆ ಇರೋರು ಎದ್ದು ನಿಲ್ಲಿ" ಎನ್ನುತ್ತ ಅಧಿಕಾರಿ ತಾವೇ ಎದ್ದರು. ಶಾಲೆ ಅರ್ಧಕ್ಕೆ ಬಿಟ್ಟರೂ ದೊಡ್ಡವರು ಎದ್ದಾಗ ಏಳಬೇಕೆಂಬ ಪಾಠ ಮಾತ್ರ ಉಳಿದಿದೆ, ನಾನೂ ಎದ್ದುಬಿಟ್ಟೆ. ನಮ್ಮ ಬಡಾವಣೆ ಸಂಘದವರೆಲ್ಲ ಕೂತೇ ಇದ್ದರು. ಗುಮಾಸ್ತ ನನ್ನತ್ತ ಬೆರಳು ಮಾಡಿ ಎಣಿಸಿದ. ತಪ್ಪಾಯಿತು ಎನ್ನುವ ಬದಲು ಸೆರಗು ಸರಿಮಾಡಿಕೊಂಡು ಕೂತೆ.

ಪಾರ್ಕು ಉಳಿಸಿ ಎಂದು ಮನೆಮನೆ ತಿರುಗಿದವಳು ನಾನೇ.

ಹೊರಗೆ ಪಕ್ಕದ ಮನೆ ಅಕ್ಕ, "ಬೇಲೀನೇ ಎದ್ದು ಹೊಲ ಮೇಯ್ತಲ್ಲೇ ತಾಯಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನಲ್ಲ, ಅದೇ ಹೆಚ್ಚು ನಾಚಿಕೆ.

ನಾಳೆ ಸಂಘದ ಅಧ್ಯಕ್ಷರನ್ನು ಕೇಳಿಕೊಳ್ಳಬೇಕು. ಅಣ್ಣಾ, ಆ ಎಣಿಕೆಯಲ್ಲಿ ನಾನು ಸೇರಿದ್ದೇನಾ, ಇನ್ನೊಂದು ಸಲ ನೋಡಿಸಿ.