ಟೆಂಪೋದಲ್ಲಿ ಬಂದ ದೊಡ್ಡ ಟಿವಿ

ಅಪ್ಪಾ,

ನೀವೀಗ ಕೈ ಎತ್ತಲಾಗದ ಜಾಗದಲ್ಲಿದ್ದೀರಿ ಅನ್ನುವ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನೀವು ಇದ್ದಾಗ ನಿಮ್ಮೆದುರು ಒಂದು ಮಾತನ್ನೂ ಕೊನೆತನಕ ಆಡಿದ ನೆನಪಿಲ್ಲ. ಸರಿಯಾಗಿ ನಿದ್ದೆ ಮಾಡಿ ಎಷ್ಟೋ ಕಾಲವಾಯಿತು. ಮಗಳು ಮಗ್ಗುಲು ಬದಲಿಸಿದರೆ ಸಾಕು, ಎದ್ದು ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ನಿಮ್ಮ ಮೊಮ್ಮಗಳು. ನೀವು ಹೋದ ಮೇಲೆ ಹುಟ್ಟಿದವಳು. ಹೆಸರು ಆರೋಹಿ. ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತಿದೆ. ಅದು ಹೇಗಾಯಿತು, ಆಮೇಲೆ ನಾನೇನು ಮಾಡಿದೆ, ಇಷ್ಟನ್ನು ನಿಮಗೆ ಹೇಳಬೇಕು.

ಭಾಲ್ಕಿಯ ಮನೆಯ ಮಾಳಿಗೆ ನೆನಪಾಗುತ್ತದೆ. ನೀವು ಮೇಲೆ ನಿಂತು ಆಂಟೆನಾ ತಿರುಗಿಸುತ್ತಿದ್ದಿರಿ, ನಾನು ಕೆಳಗೆ ಟಿವಿ ಮುಂದೆ. "ಬಂತೇನು?" ಎಂದು ಮೇಲಿನಿಂದ ಕೂಗು. ಪರದೆಯ ತುಂಬ ಇರುವೆ ಹರಿದಾಡಿದಂತೆ ಚುಕ್ಕಿ. ಅವ್ವ ಒಲೆಯ ಮುಂದಿನಿಂದ, "ಬಂತು ಅನ್ನು, ಬಂತು ಅಂದುಬಿಡು" ಎನ್ನುತ್ತಿದ್ದಳು. ಇಲ್ಲ ಎಂದರೆ ನೀವು ಆಗಲೇ ಇಳಿದು ಬರುತ್ತಿದ್ದಿರಿ. ಬಂತು ಎಂದರೆ ಸ್ವಲ್ಪ ತಡವಾಗಿ. ಆ ಸ್ವಲ್ಪದರಲ್ಲಿ ಅವ್ವ ನನ್ನನ್ನು ಹಿತ್ತಲಿಗೆ ದಬ್ಬುತ್ತಿದ್ದಳು. ಹಿಂದೆಯೇ ಪಾತ್ರೆ ಉರುಳುವ ಸದ್ದು, ಬಾಗಿಲಿಗೆ ಮೈ ಬಡಿಯುವ ಸದ್ದು. ಟಿವಿಯಲ್ಲಿ ಚಿತ್ರ ಬರದಿದ್ದರೆ ಹೆಂಡತಿಯನ್ನು ಹೊಡೆಯಬೇಕು ಅಂತ ನಿಮಗೆ ಯಾರು ಹೇಳಿಕೊಟ್ಟಿದ್ದರು, ಅಪ್ಪಾ?

ಬಿಎಸ್ಸಿಯಲ್ಲಿ ಎಲೆಕ್ಟ್ರಾನಿಕ್ಸ್ ತಗೊಳ್ಳುತ್ತೇನೆ ಎಂದ ದಿನ ನೀವು ನಕ್ಕಿರಿ. "ವೈರ್ ಹಿಡದು ಏನ್ ಮಾಡ್ತಿ? ರೊಟ್ಟಿ ಬಡಿಲಾಕ ಕರೆಂಟ್ ಬೇಕಾಗಂಗಿಲ್ಲ." ಆದರೂ ಓದಿಸಿದಿರಿ. ಅದನ್ನು ಮರೆತಿಲ್ಲ. ಆಮೇಲೆ ಔರಾದಿನ ಕಡೆಯ ಮಹೇಶನನ್ನು ನೀವೇ ಹುಡುಕಿದಿರಿ. ಬೀದರಿನಲ್ಲಿ ನೌಕರಿ, ಕುಡಿಯುವುದಿಲ್ಲ, ಎಲೆಯಡಿಕೆಯೂ ಇಲ್ಲ. ಸಿಟ್ಟಿನ ಬಗ್ಗೆ ಕೇಳಿದಿರಾ? ಕೇಳುವವರು ನೀವಾಗಿದ್ದರೆ, ಹೇಳುವವರು ಏನು ತಾನೇ...

ಕಳೆದ ಬೇಸಿಗೆಯಲ್ಲಿ ಮಹೇಶ ಗೋಡೆ ತುಂಬುವಂಥ ಟಿವಿ ತಂದ. ಸೋವಿಗೆ ಸಿಕ್ಕಿತು ಎಂದು ಕುಣಿದಾಡಿದ. ಮ್ಯಾಚಿನ ದಿನ ಔರಾದಿನಿಂದ ಗೆಳೆಯರನ್ನೆಲ್ಲ ಕರೆಸಿದ. ನಾನು ಮಂಡಕ್ಕಿ ಸೂಸ್ಲಾ ಮಾಡಿ ಕೊಟ್ಟೆ. ಟಿವಿ ಹಚ್ಚಿದರೆ ಆಟಗಾರರ ಮುಖವೆಲ್ಲ ಕಲಸಿದ ಹಿಟ್ಟಿನ ಹಾಗೆ.

"ಮಹೇಶ್ಯಾ, ಇವರಿಗೆ ಮೂಗೇ ಇಲ್ಲಲ್ಲೋ."

"ಟಿವಿ ದೊಡ್ಡದದ, ಕಣ್ಣಾಗ ಪೊರಿ ಬಂದದ ಅದಕ."

ಎಲ್ಲರೂ ನಕ್ಕರು. ನಾನು ಸುಮ್ಮನಿರಬೇಕಿತ್ತೇ? ಅವನ ಮರ್ಯಾದೆ ಉಳಿಯಲಿ ಎಂದೇ ಬಾಯಿ ಬಿಟ್ಟೆ. "ಟಿವಿ ಚಲೋನೇ ಅದರಿ. ಡಿಶ್ ಡಬ್ಬಿ ಹಳೇದದ. ಟಿವಿ ಒಳಗ ಚಾನೆಲ್ ಹಿಡಿಯೋ ಟ್ಯೂನರ್ ಇಲ್ಲ, ಡಬ್ಬಿ ಏನ್ ಕೊಡ್ತದ ಅದನ್ನೇ ತೋರಸ್ತದ. ಎಚ್‌ಡಿ ಡಬ್ಬಿ ತಂದು ಒಂದೇ ಗಟ್ಟಿ ವೈರ್ ಹಚ್ಚಿದ್ರ ಮೂಗೂ ಕಾಣ್ತದ, ಬೆವರೂ ಕಾಣ್ತದ." ಆ ಪರದೆಯಲ್ಲಿ ಎಂಬತ್ತು ಲಕ್ಷಕ್ಕೂ ಮೇಲೆ ಚುಕ್ಕಿಗಳು, ಅಪ್ಪಾ. ಹಳದಿ, ಕೆಂಪು, ಬಿಳಿ ವೈರಿನಲ್ಲಿ ಹಳೆಯ ಡಿಶ್ ಡಬ್ಬಿ ಕಳಿಸುತ್ತಿದ್ದದ್ದು ನಾಲ್ಕು ಲಕ್ಷದಷ್ಟು. ಉಳಿದದ್ದನ್ನು ಪರದೆ ತಾನೇ ಊಹಿಸಿ ತುಂಬಿಕೊಳ್ಳಬೇಕು. ಇಷ್ಟೇ ಸಂಗತಿ. ಗೆಳೆಯರಲ್ಲೊಬ್ಬ ನನ್ನತ್ತ ಕೈ ತೋರಿಸಿ, "ವೈನಿ ಮುಂದ ನಿಂದು ನಡ್ಯಾಂಗಿಲ್ಲ ಬಿಡು" ಎಂದ.

ಮೊದಲು ಮಹೇಶನ ಕೈ ನನ್ನ ಕಪಾಳಕ್ಕೆ ಬಿತ್ತು. ಆಮೇಲೆ ರಿಮೋಟು ನನ್ನ ಮುಖಕ್ಕೆ ಬಂತು. ನಾನು ತಲೆ ಬಗ್ಗಿಸಿದೆ. ನಿಮ್ಮ ಮನೆಯಲ್ಲಿ ಕಲಿತ ವಿದ್ಯೆ ಅದು. ಹಿಂದೆ ಆರೋಹಿ ಗೋಡೆ ಹಿಡಿದು ನಿಂತಿದ್ದಳು. ಮಗು ಅಳಲಿಲ್ಲ. ಹುಬ್ಬಿನಿಂದ ರಕ್ತ ಕಣ್ಣಿಗಿಳಿಯುವ ತನಕ ನನ್ನನ್ನೇ ನೋಡುತ್ತಿತ್ತು. ಮೂಲೆಯಲ್ಲಿದ್ದ ಬ್ಯಾಟು ತಗೊಂಡು ಮಹೇಶ ಟಿವಿಗೆ ಬಾರಿಸಿದ. ಮತ್ತೆ ಮತ್ತೆ. ಗಾಜಿನ ಚೂರು ಸೂಸ್ಲಾದ ತಾಟಿಗೆ ಬಿತ್ತು. ಗೆಳೆಯರು ಚಪ್ಪಲಿ ಹುಡುಕುತ್ತಿದ್ದರು. ನಾನು ಮಗಳ ಹಣೆಗೆ ಸೆರಗು ಒತ್ತಿ ಹಿಡಿದು ಆಸ್ಪತ್ರೆಗೆ ಓಡಿದೆ. ಹೊಲಿಗೆ ಹಾಕಿಸಿಕೊಂಡು ಅಲ್ಲಿಂದಲೇ ಭಾಲ್ಕಿ ಬಸ್ಸು ಹತ್ತಿದೆ.

ಔರಾದಿನಿಂದ ಮಹೇಶನ ಕಾಕಾ ರಾಜಿ ಮಾಡಿಸಲು ಬಂದಾಗ ನಿಮ್ಮ ಕುರ್ಚಿಯಲ್ಲೇ ಕೂತರು. "ಒಂದು ಟಿವಿ ಸಲ್ಯಾಕ ಇಷ್ಟೆಲ್ಲ ಆಗ್ಯದವ್ವಾ. ಹೊಸಾದು ಕೊಡಸ್ತೀವಿ. ನೀನೇ ಬಂದು ಆರಿಸು, ಓದಿದಾಕಿ ಇದ್ದಿ" ಎಂದರು. ಓಣಿಯವರೂ ತಲೆಯಾಡಿಸಿದರು. ನನ್ನ ಕೆನ್ನೆ, ಮಗಳ ಹುಬ್ಬು, ಎರಡೂ ಟಿವಿಯ ತಪ್ಪಾಗಿ ಹೋಯಿತು. ಚಲೋ ಟಿವಿ ಬಂದರೆ ಚಲೋ ಗಂಡನೂ ಬರುತ್ತಾನೆ ಅಂತ ನಾನೂ ನಂಬಿದೆನೇ? ನಂಬಿದೆ. ಮಗಳಿಗೆ ಅಪ್ಪ ಬೇಕು ಅನ್ನುವ ಆಸೆ...

ಮಹೇಶ, ಕಾಕಾ ಜೊತೆ ಬೀದರಿನ ಅಂಗಡಿಗೆ ಹೋದ ದಿನ ಅವ್ವ ಮಗುವನ್ನು ಇಟ್ಟುಕೊಂಡಳು. ಅಂಗಡಿಯವನಿಗೆ ಬಾಯಿ ಜೋರು. "ಅಕ್ಕಾರ, ಕಲರ್ ನೋಡ್ರಿ, ನವಿಲಿನ ಗರಿ ಕಿತ್ತು ಕೈಯಾಗ ಹಿಡದಂಗ." ನಾನು ಕೇಳಿದೆ, "ಇದು ಎಚ್‌ಡಿ ರೆಡಿ ಏನ್ರಿ, ಫುಲ್ ಎಚ್‌ಡಿನೋ? ಒಳಗ ಸೆಟಲೈಟ್ ಟ್ಯೂನರ್ ಅದನೋ, ಮತ್ತ ಡಬ್ಬಿನೇ ಹಚ್ಚಬೇಕೋ?" ಅವನು ಹುರುಪಿನಿಂದ ಹೇಳತೊಡಗಿದ. ಎಚ್‌ಡಿ ರೆಡಿ ಎಂದರೆ ಎಚ್‌ಡಿ ಸಿಗ್ನಲ್ ಹಿಡಿಯುತ್ತದೆ, ಆದರೆ ಪೂರ್ತಿ ಚುಕ್ಕಿ ಇರುವುದಿಲ್ಲ. ಒಳಗೇ ಸೆಟಲೈಟ್ ಟ್ಯೂನರ್ ಇದ್ದರೆ ಮಾಳಿಗೆಯ ಡಿಶ್ಶಿನ ವೈರನ್ನು ನೇರ ಚುಚ್ಚಬಹುದು, ಉಚಿತ ಚಾನೆಲ್‌ಗಳಿಗೆ ಡಬ್ಬಿ ಬೇಡ. ಸಣ್ಣ ಖೋಲಿಗೆ ಅಷ್ಟು ದೊಡ್ಡದು ಬೇಡ, ಫುಲ್ ಎಚ್‌ಡಿ ಸಾಕು ಎಂದೆ ನಾನು. ಅಷ್ಟರಲ್ಲಿ ಸೆರಗಿನ ಒಳಗಿಂದ ಮಹೇಶನ ಕೈ ನನ್ನ ಕತ್ತಿನ ಹಿಂಭಾಗವನ್ನು ಹಿಡಿಯಿತು. ಮುಖದ ಮೇಲೆ ನಗು, ಬೆರಳು ಎಲುಬಿನೊಳಗೆ. "ಮುಗೀತೇನು ನಿನ್ನ ಪಾಠ?" ಎಂದ, ನನಗಷ್ಟೇ ಕೇಳುವಂತೆ. ಎದುರಿಗೆ ಹಚ್ಚದೆ ಇಟ್ಟಿದ್ದ ದೊಡ್ಡ ಟಿವಿ. ಅದರ ಕಪ್ಪು ಪರದೆಯಲ್ಲಿ ಆ ಕೈ ಕಾಣುತ್ತಿತ್ತು. ಕಾಕಾ ಕೂಡ ಅದನ್ನೇ ನೋಡುತ್ತಿದ್ದರು. ನೋಡಿ, "ದೊಡ್ಡದೇ ಕಟ್ರಿ" ಎಂದರು ಅಂಗಡಿಯವನಿಗೆ.

ಅವರು ನನ್ನನ್ನು ಕರೆದೊಯ್ಯಲು ಭಾಲ್ಕಿಗೆ ಬಂದ ದಿನ ಟಿವಿಯ ಡಬ್ಬ ಟೆಂಪೋದಲ್ಲಿತ್ತು. ಅದಕ್ಕೆ ಕುಂಕುಮ, ಚೆಂಡು ಹೂವಿನ ಮಾಲೆ, ಮದುಮಗನಿಗೆ ಹಾಕಿದಂತೆ. ಕತ್ತಿನ ಸಂಗತಿ ನಾನು ಅವ್ವನಿಗೆ ಹೇಳಿರಲಿಲ್ಲ. ತಲೆ ಬಾಚುವಾಗ ಬೆರಳಿನ ಗುರುತನ್ನು ಅವಳೇ ನೋಡಿದ್ದಳು, ಏನೂ ಕೇಳದೆ ಬಾಚಿದ್ದಳು. ಉಡಿ ತುಂಬಿದ ಮೇಲೆಯೇ ಹೆಣ್ಣುಮಗಳು ಹೊಸ್ತಿಲು ದಾಟುವುದು ನಮ್ಮ ಪದ್ಧತಿ. ಅವ್ವ ಗಂಡ ಇಲ್ಲದವಳು, ಆ ಕೆಲಸಕ್ಕೆ ಬರುವಂತಿಲ್ಲ. ಅದಕ್ಕೇ ಪಕ್ಕದ ಮನೆಯ ಶಾಂತಕ್ಕನನ್ನು ಕರೆಸಿ, ಅವ್ವನಿಗೆ ಒಳಗೆ ಇರು ಎಂದಿದ್ದರು. ಶಾಂತಕ್ಕ ಅಕ್ಕಿ, ಕೊಬ್ಬರಿ ಬಟ್ಟಲಿದ್ದ ತಟ್ಟೆ ಹಿಡಿದು ಬಗ್ಗಿದಳು. ನಾನು ಸೆರಗು ಚಾಚಿದೆ.

"ತಡಿ ಶಾಂತಾ, ತುಂಬಬ್ಯಾಡ."

ಅವ್ವ ಹೊರಗೆ ಬಂದು ನಿಂತಿದ್ದಳು. ಕಾಕಾ ಮುಖ ಗಂಟಿಕ್ಕಿದರು. "ಯಾಕ್ರಿ ಬೀಗತಿ, ಏನಾಯ್ತು? ಒಳಗ ನಡೀರಿ."

"ಒಳಗೇ ಇದ್ದೆರಿ ಇಷ್ಟು ದಿನ. ನನಗ ಎಡಗಿವಿ ಕೇಳಂಗಿಲ್ಲ. ಸಣ್ಣಾಕಿದ್ದಾಗ ಕಿವಿ ಸೋರ್ತಿತ್ತು ಅಂತ ಊರಿಗೆಲ್ಲ ಹೇಳೀನಿ. ಸುಳ್ಳು. ಇವಳಪ್ಪ ಹೊಡದ. ನಿಂತ ಕಾಲ ಮ್ಯಾಲ ಹೊಡದ. ದಿಂಬಿಗೆಲ್ಲ ರಕ್ತ ಆಗಿತ್ತು. ಇವಳು ಹೊಟ್ಟ್ಯಾಗಿದ್ದಳು."

"ಸತ್ತವರ ಸುದ್ದಿ ಈಗ್ಯಾಕ್ರಿ?"

"ಸತ್ತವರದಲ್ರಿ, ಬದಕಿದ್ದವರದು ಹೇಳಲತ್ತೀನಿ. ನನ್ನ ಮಗಳು ಬರಂಗಿಲ್ಲ."

ಮಹೇಶ ಅವ್ವನ ಮೇಲೆ ನುಗ್ಗಿದ. ನಾನು ನಡುವೆ ನಿಂತೆ. ಈ ಸಲ ತಲೆ ಬಗ್ಗಿಸಲಿಲ್ಲ. ತುಟಿ ಒಡೆಯಿತು, ಬಾಯಿ ತುಂಬ ಉಪ್ಪು. ಶಾಂತಕ್ಕ ಹಿತ್ತಾಳೆ ತಟ್ಟೆಯನ್ನು ಅವನ ಮೊಣಕೈಗೆ ಬಡಿದಳು, ಅಕ್ಕಿ ಅಂಗಳ ತುಂಬ ಚೆಲ್ಲಿತು. ಓಣಿಯ ಗಂಡಸರು ಹಿಡಿದು ಎಳೆದರೂ ಅವನ ಸಿಟ್ಟು ಇಳಿಯಲಿಲ್ಲ. ಟೆಂಪೋ ಹತ್ತಿ ಡಬ್ಬವನ್ನು ಒದ್ದು ಕೆಡವಿದ. ಒಳಗೆ ಗಾಜು ಬಿರಿದದ್ದು ಎಲ್ಲರಿಗೂ ಕೇಳಿಸಿತು. ಹಚ್ಚಿಯೇ ಇರದ ಟಿವಿಯ ಮೇಲೆ ಕಾಕಾ ಇನ್ನು ಯಾವ ತಪ್ಪು ಹೊರಿಸಬೇಕು?

ಒಡೆದ ತುಟಿಯಲ್ಲೇ ಬೀದರಿಗೆ ಹೋಗಿ ದೂರು ಕೊಟ್ಟೆ. ಅವ್ವ ಪಕ್ಕದಲ್ಲಿ ಕೂತು, ಎಲ್ಲೆಲ್ಲಿ ನನ್ನ ದನಿ ಇಳಿಯಿತೋ ಅಲ್ಲೆಲ್ಲ, "ಜೋರ್ ಹೇಳು, ನನಗ ಕೇಳ್ಸಲಿ" ಎಂದಳು. ಕೋರ್ಟು ಶುರುವಾಗಿದೆ. ಬಂದು ಹೋಗುವಾಗ ಹೆದರಿಕೆಯಾಗುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಅವನಂಥ ಅಂಗಿ ಕಂಡರೂ ಮಗಳನ್ನು ಎದೆಗೆ ಒತ್ತಿಕೊಳ್ಳುತ್ತೇನೆ. ಆದರೂ ಹೋಗುತ್ತೇನೆ. ಭಾಲ್ಕಿಯ ಒಂದು ಸಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿದೆ.

ನಿಮ್ಮ ಫೋಟೋ ಗೋಡೆಯ ಮೇಲೆ ಇದೆ, ಅವ್ವ ತೆಗೆದಿಲ್ಲ. ಆರೋಹಿ ಅದನ್ನು ತೋರಿಸಿ "ಯಾರು?" ಎನ್ನುತ್ತಾಳೆ. ಸದ್ಯಕ್ಕೆ "ಅಜ್ಜ" ಅನ್ನುತ್ತೇನೆ. ದೊಡ್ಡವಳಾಗಿ ಇನ್ನೂ ಕೇಳುತ್ತಾಳೆ, ಆಗ ನನ್ನನ್ನು ಓದಿಸಿದ್ದನ್ನೂ ಹೇಳುತ್ತೇನೆ, ಅವ್ವನ ಕಿವಿಯನ್ನೂ ಹೇಳುತ್ತೇನೆ. ಒಂದನ್ನು ಬಿಟ್ಟು ಒಂದು ಹೇಳುವುದಿಲ್ಲ, ಅಪ್ಪಾ. ಅಷ್ಟು ಮಾತು ಕೊಡುತ್ತೇನೆ.

ನಿಮ್ಮ ಮಗಳು